ಕೆಮ್ಮುವವರ ಊರಿಗೆ ಸ್ಕೀ ಬಂದ ಕಥೆ

ರಜೆಗೆ ಊರಿಗೆ ಬಂದಿದ್ದಾಗ ಮೈಸೂರಿನ ಒಂದು ಚಾರಣ ಬಳಗದವರು ಮಾತಾಡಲು ಕರೆದಿದ್ದರು. ಅವತ್ತು ಸಂಜೆ ಆಡಿದ್ದನ್ನೇ ಈಗ ಬರೆದಿದ್ದೇನೆ. ಒಂದೇ ವಿಷಯ ಎರಡೆರಡು ಸಲ ಹೇಳಿದ್ದೆ, ಅದನ್ನು ತೆಗೆದೆ. ಹೇಳಲು ಮರೆತದ್ದನ್ನು ಸೇರಿಸಿದೆ.

ಎಲ್ಲರಿಗೂ ನಮಸ್ಕಾರ. ಮೊದಲು ನಾನೇ ಒಂದು ಪ್ರಶ್ನೆ ಕೇಳಿಬಿಡ್ತೇನೆ. ದಾವೋಸ್ ಅಂದರೆ ನಿಮಗೆ ಏನು ನೆನಪಿಗೆ ಬರುತ್ತದೆ?

(ಹಿಂದಿನ ಸಾಲಿನಿಂದ ಒಬ್ಬರು "ಸಾವಿರಾರು ಕೋಟಿ ಒಪ್ಪಂದ" ಅಂದರು. ಎಲ್ಲರೂ ನಕ್ಕರು.)

ಸರಿಯಾಗೇ ಹೇಳಿದಿರಿ. ಜನವರಿ ಬಂತು ಅಂದರೆ ನಮ್ಮ ಪೇಪರುಗಳಲ್ಲಿ ದಾವೋಸೇ ದಾವೋಸ್. ಮಂತ್ರಿಗಳು ದಪ್ಪ ಕೋಟು ಹಾಕಿಕೊಂಡು ಯಾರದೋ ಕೈ ಕುಲುಕುತ್ತಿರುತ್ತಾರೆ, ಅವರ ಹಿಂದೆ ಕಿಟಕಿಯಾಚೆ ಬೆಳ್ಳಗೆ ಏನೋ ಕಾಣುತ್ತಿರುತ್ತದೆ. ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಕಿಟಕಿಯಾಚೆಯ ಬಿಳಿಯ ಬಗ್ಗೆ. ಒಪ್ಪಂದದ ಆ ಸಭೆ, ಅಂದರೆ ವಿಶ್ವ ಆರ್ಥಿಕ ವೇದಿಕೆಯದು, ಶುರುವಾದದ್ದೇ 1971ರಲ್ಲಿ. ಅಷ್ಟು ಹೊತ್ತಿಗೆ ಊರಿನ ಕಥೆ ಮುಕ್ಕಾಲು ಭಾಗ ಆಗಿಹೋಗಿತ್ತು.

ನಾನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲಸ ಮಾಡುವವನು. ಅಲ್ಲಿಂದ ದಾವೋಸ್‌ಗೆ ರೈಲಿನಲ್ಲಿ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಲಾಂಡ್‌ಕ್ವಾರ್ಟ್ ಅನ್ನುವ ಕಡೆ ಇಳಿದು ಒಂದು ಪುಟ್ಟ ಕೆಂಪು ರೈಲು ಹತ್ತಬೇಕು, ಅದು ಸುತ್ತಿ ಸುತ್ತಿ ಮೇಲೆ ಹೋಗುತ್ತದೆ. ಊರು ಇರುವುದು 1560 ಮೀಟರ್ ಎತ್ತರದಲ್ಲಿ. ನಮ್ಮ ನಂದಿ ಬೆಟ್ಟದ ತುದಿ 1478 ಮೀಟರ್. ಅಂದರೆ ನಂದಿ ಬೆಟ್ಟದ ತುದಿಗಿಂತ ಸ್ವಲ್ಪ ಮೇಲೆ ಒಂದು ಇಡೀ ಪಟ್ಟಣ, ಅದರ ಎರಡೂ ಬದಿಗೆ ಇನ್ನೂ ಸಾವಿರಕ್ಕೂ ಹೆಚ್ಚು ಮೀಟರ್ ಏರುವ ಬೆಟ್ಟಗಳು.

ಮೊದಲ ಸಲ ಹೋದಾಗ ನನಗೆ ವಿಚಿತ್ರ ಅನಿಸಿದ್ದು ಮನೆಗಳ ಮಾಡು. ಹಿಮ ಬೀಳುವ ಊರಲ್ಲಿ ಮಾಡು ಇಳಿಜಾರಾಗಿ ಇರಬೇಕು ಅಂತ ನಾವೆಲ್ಲ ಕ್ಯಾಲೆಂಡರ್ ಚಿತ್ರ ನೋಡಿ ಕಲಿತಿದ್ದೇವೆ, ಅಲ್ವಾ? ಇಲ್ಲಿ ನೋಡಿದರೆ ಬೀದಿ ಉದ್ದಕ್ಕೂ ಚಪ್ಪಟೆ ತಾರಸಿ. ಇಳಿಜಾರು ಮಾಡಾದರೆ ಅದರ ಮೇಲಿನ ಹಿಮ ದಬಾರನೆ ದಾರಿಯಲ್ಲಿ ಹೋಗುವವರ ತಲೆ ಮೇಲೆ ಬೀಳುತ್ತದೆ. ಚಪ್ಪಟೆ ತಾರಸಿಯಲ್ಲಿ ಅದು ಇದ್ದಲ್ಲೇ ಇರುತ್ತದೆ, ಕಂಬಳಿ ಹೊದಿಸಿದ ಹಾಗೆ ಮನೆಯನ್ನು ಬೆಚ್ಚಗೂ ಇಡುತ್ತದೆ. ಎರಡನೇ ವಿಚಿತ್ರ ಬಾಲ್ಕನಿ. ಹಳೆಯ ಹೋಟೆಲುಗಳಿಗೆಲ್ಲ ದಕ್ಷಿಣಕ್ಕೆ ಮುಖ ಮಾಡಿದ, ಉದ್ದನೆಯ, ಒಬ್ಬ ಮನುಷ್ಯ ಮಲಗುವಷ್ಟು ಅಗಲದ ಬಾಲ್ಕನಿಗಳು. ಮೈ ಕೊರೆಯುವ ಚಳಿಯ ಊರಲ್ಲಿ ಯಾರಿಗೆ ಬೇಕು ಇಷ್ಟೊಂದು ಬಾಲ್ಕನಿ?

ಕ್ಷಯ ರೋಗಿಗಳಿಗೆ ಬೇಕಿತ್ತು. ಇವತ್ತು ನಾನು ಹೇಳಲು ಬಂದಿರುವುದು ಸುಮಾರಾಗಿ ಇಷ್ಟೇ: ಆ ಸ್ಕೀ ಊರನ್ನು ಸ್ಕೀ ಆಡುವವರು, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವವರು, ಕಟ್ಟಲಿಲ್ಲ. ಕೆಮ್ಮುವವರು ಕಟ್ಟಿದರು. ಮತ್ತೆ ಆಟವನ್ನು ಅಲ್ಲಿ ಬೆಳೆಸಿದವರು ಕೆಮ್ಮುವವರ ಜೊತೆಗೆ ಬಂದು, ಮಾಡಲು ಕೆಲಸವಿಲ್ಲದೆ ಬೇಸರದಲ್ಲಿ ಕೂತವರು.

ಅಲೆಕ್ಸಾಂಡರ್ ಸ್ಪೆಂಗ್ಲರ್ ಅಂತ ಒಬ್ಬ ಜರ್ಮನ್. 1848–49ರ ಕ್ರಾಂತಿಯಲ್ಲಿ ಸೇರಿಕೊಂಡು, ಅದು ಸೋತ ಮೇಲೆ ತಲೆ ಉಳಿಸಿಕೊಳ್ಳಲು ಸ್ವಿಟ್ಜರ್ಲೆಂಡಿಗೆ ಓಡಿಬಂದವನು. ಜ್ಯೂರಿಕ್‌ನಲ್ಲಿ ವೈದ್ಯಕೀಯ ಓದಿದ. 1853ರಲ್ಲಿ ದಾವೋಸ್‌ಗೆ ಡಾಕ್ಟರಾಗಿ ಹೋದ. ಆಗ ಅದು ದನ ಸಾಕುವವರ ಬಡ ಕಣಿವೆ, 13ನೇ ಶತಮಾನದಲ್ಲಿ ಬಂದು ನೆಲೆಸಿದ ವಾಲ್ಸರ್ ಜನರ ಹಳ್ಳಿಗಳು. ಸ್ಪೆಂಗ್ಲರ್ ಒಂದು ವಿಷಯ ಗಮನಿಸಿದ. ಯುರೋಪಿನ ಊರೂರಲ್ಲಿ ಜನ ಕ್ಷಯದಿಂದ ಸಾಯುತ್ತಿದ್ದಾರೆ, ಈ ಕಣಿವೆಯಲ್ಲಿ ಮಾತ್ರ ಆ ರೋಗ ಕಾಣುವುದಿಲ್ಲ. ಗಾಳಿಯಲ್ಲೇ ಏನೋ ಇದೆ ಅಂದುಕೊಂಡ. ಔಷಧಿ ಇಲ್ಲದ ಕಾಲ, ಹಾಗಾಗಿ ಗಾಳಿಯೇ ಔಷಧಿ.

1865ರ ಫೆಬ್ರವರಿಯಲ್ಲಿ ಇಬ್ಬರು ಜರ್ಮನ್ ರೋಗಿಗಳು ಜಾರುಬಂಡಿಯಲ್ಲಿ ಬಂದಿಳಿದರು. ಚಳಿಗಾಲದ ನಟ್ಟ ನಡುವೆ! ಬೆಟ್ಟದ ಚಳಿಗಾಲ ಅಂದರೆ ಆರೋಗ್ಯವಾಗಿದ್ದವನೂ ಸಾಯುತ್ತಾನೆ ಅಂತ ಜನ ನಂಬಿದ್ದ ಕಾಲ ಅದು. ಇವರು ಸಾಯಲಿಲ್ಲ, ಚೇತರಿಸಿಕೊಂಡರು. ಸುದ್ದಿ ಹಬ್ಬಿತು. ಎರಡು ವರ್ಷದ ನಂತರ ಹೋಲ್ಸ್‌ಬೂರ್ ಅನ್ನುವ ಡಚ್ ಮನುಷ್ಯ ಕಾಯಿಲೆಯ ಹೆಂಡತಿಯನ್ನು ಕರೆದುಕೊಂಡು ಬಂದ. ಹೆಂಡತಿ ಉಳಿಯಲಿಲ್ಲ. ಆತ ಮಾತ್ರ ಅಲ್ಲೇ ಉಳಿದ. ಮೊದಲು ಹಡಗಿನಲ್ಲಿ, ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದವನು, ದುಡ್ಡು ಹೊಂದಿಸುವುದು ಗೊತ್ತಿತ್ತು. ಸ್ಪೆಂಗ್ಲರ್ ಜೊತೆ ಸೇರಿ ರೋಗಿಗಳಿಗೆ ದೊಡ್ಡ ವಸತಿ ಕಟ್ಟಿಸಿದ. ಆಮೇಲೆ ರೈಲು ತಂದ. 1890ರಲ್ಲಿ ದಾವೋಸ್‌ಗೆ ರೈಲು ಬಂತು. ನಾನು ಈಗ ಹತ್ತುವ ಆ ಕೆಂಪು ರೈಲು ಹಾಕಿದ್ದು ಸ್ಕೀ ಹೊತ್ತವರಿಗಾಗಿ ಅಲ್ಲ, ಸ್ಟ್ರೆಚರ್ ಮೇಲೆ ಬರುವವರಿಗಾಗಿ.

ಚಿಕಿತ್ಸೆ ಹೇಗಿತ್ತು ಗೊತ್ತಾ? ತುಂಬ ಹಾಲು ಕುಡಿ, ವೈನ್ ಕುಡಿ, ತಣ್ಣೀರು ಸುರಿದುಕೋ, ಆಮೇಲೆ ಬಾಲ್ಕನಿಯಲ್ಲಿ ಕಂಬಳಿ ಸುತ್ತಿಕೊಂಡು ಗಂಟೆಗಟ್ಟಲೆ ಮಲಗು. ಹಿಮ ಬೀಳುತ್ತಿದ್ದರೂ ಮಲಗು. ಜೇಬಿನಲ್ಲಿ ನೀಲಿ ಗಾಜಿನ ಒಂದು ಸಣ್ಣ ಬಾಟಲು, ಕಫ ಉಗುಳುವುದಕ್ಕೆ. ಆ ಬಾಟಲನ್ನು ನಾನು ನೋಡಿದ್ದೇನೆ, ಅತ್ತರಿನ ಶೀಶೆಯಷ್ಟೇ ಚಂದ ಇದೆ. ಇಲ್ಲಿ ನಿಮಗೆ ಪಿ.ಕೆ. ಸ್ಯಾನಟೋರಿಯಂ, ಅಂದರೆ ಕ್ಷಯ ರೋಗಿಗಳ ಆಸ್ಪತ್ರೆ, ಗೊತ್ತಲ್ಲ, ರಾಜಮನೆತನದ ಕೃಷ್ಣಾಜಮ್ಮಣ್ಣಿ ಅವರ ಹೆಸರಿನದು. ಅದರ ಹಿಂದೆಯೂ ಇದೇ ಯೋಚನೆ: ಊರ ಹೊರಗೆ, ಒಳ್ಳೆ ಗಾಳಿ, ಬೆಳಕು, ವಿಶ್ರಾಂತಿ.

ಈಗ ರೋಗಿಗಳನ್ನು ಬಿಟ್ಟು ಅವರ ಜೊತೆಗೆ ಬಂದವರನ್ನು ನೋಡೋಣ. ಗಂಡ, ಹೆಂಡತಿ, ಅಣ್ಣ, ಮಗಳು. ಇವರಿಗೆ ರೋಗ ಇಲ್ಲ, ಕೆಲಸವೂ ಇಲ್ಲ. ಆರು ತಿಂಗಳು ಹಿಮದಲ್ಲಿ ಸುಮ್ನೆ ಕೂರಬೇಕು. ಸ್ವಲ್ಪ ಚೇತರಿಸಿಕೊಂಡ ರೋಗಿಗಳದ್ದೂ ಅದೇ ಪಾಡು. ಮೊದಲು ಐಸ್ ಮೇಲೆ ಸ್ಕೇಟಿಂಗ್ ಶುರುವಾಯಿತು. ಆಮೇಲೆ ಅವರ ಕಣ್ಣು ರೈತರ ಜಾರುಬಂಡಿ ಮೇಲೆ ಬಿತ್ತು. ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲಲ್ಲಿ ಕೊಯ್ದ ಹುಲ್ಲನ್ನು ರೈತರು ಅಲ್ಲೇ ಕೊಟ್ಟಿಗೆಯಲ್ಲಿ ತುಂಬಿಟ್ಟು, ಚಳಿಗಾಲದಲ್ಲಿ ಮರದ ಜಾರುಬಂಡಿಯ ಮೇಲೆ ಕೆಳಗೆ ತರುತ್ತಿದ್ದರು. ಕೆಲಸದ ಸಾಮಾನು ಅದು, ನಮ್ಮಲ್ಲಿ ಎತ್ತಿನ ಗಾಡಿ ಇದ್ದ ಹಾಗೆ. ಬಂದವರು ಅದರ ಮೇಲೆ ಕೂತು ಪಂದ್ಯ ಕಟ್ಟಿದರು. 1883ರಲ್ಲಿ ದಾವೋಸ್‌ನಿಂದ ಕ್ಲೋಸ್ಟರ್ಸ್‌ವರೆಗಿನ ರಸ್ತೆಯಲ್ಲಿ ಬೇರೆ ಬೇರೆ ದೇಶದವರು ಸೇರಿ ಒಂದು ರೇಸ್ ಆಯಿತು. ಇಬ್ಬರು ಒಂದೇ ಸಮಯದಲ್ಲಿ ಗುರಿ ಮುಟ್ಟಿ ಮೊದಲ ಸ್ಥಾನ ಹಂಚಿಕೊಂಡರು. ಒಬ್ಬ ಆಸ್ಟ್ರೇಲಿಯಾದ ವಿದ್ಯಾರ್ಥಿ. ಇನ್ನೊಬ್ಬ ಕ್ಲೋಸ್ಟರ್ಸ್‌ನ ಪೋಸ್ಟ್‌ಮನ್. ಈ ಪೋಸ್ಟ್‌ಮನ್ ನನಗೆ ತುಂಬ ಇಷ್ಟ. ಆ ಇಳಿಜಾರು ಅವನ ದಿನದ ಡ್ಯೂಟಿ, ಉಳಿದವರಿಗೆ ಸಾಹಸ.

ಸರಿ, ಸ್ಕೀ ಎಲ್ಲಿ? ಸ್ಕೀ ಆಲ್ಪ್ಸ್‌ನದ್ದೇ ಅಲ್ಲ, ನಾರ್ವೆಯದು. ಅಲ್ಲಿ ಹಳ್ಳಿ ಜನ ಸಾವಿರಾರು ವರ್ಷಗಳಿಂದ ಅದರ ಮೇಲೆ ಓಡಾಡುತ್ತಿದ್ದರು. ನಾನ್ಸೆನ್ ಅನ್ನುವ ನಾರ್ವೆಯವನು 1888ರಲ್ಲಿ ಸ್ಕೀ ಮೇಲೆ ಗ್ರೀನ್‌ಲೆಂಡ್ ದಾಟಿ, ಅದರ ಬಗ್ಗೆ ಪುಸ್ತಕ ಬರೆದ. ಅದನ್ನು ಓದಿದ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಯುವಕರಿಗೆಲ್ಲ ಹುಚ್ಚು ಹಿಡಿಯಿತು. ಸ್ವಿಟ್ಜರ್ಲೆಂಡಿನ ಮೊದಲ ಸ್ಕೀ ಕ್ಲಬ್ ಶುರುವಾದದ್ದು ದಾವೋಸ್‌ನಲ್ಲಿ ಅಲ್ಲ, ಗ್ಲಾರುಸ್‌ನಲ್ಲಿ, 1893ರಲ್ಲಿ. ದಾವೋಸ್‌ನವರು ಕೆಲವೊಮ್ಮೆ ಎಲ್ಲವೂ ತಮ್ಮಿಂದಲೇ ಶುರು ಅನ್ನುವ ಹಾಗೆ ಮಾತಾಡುತ್ತಾರೆ. ಊರಿನ ಅಭಿಮಾನ, ಇರಲಿ ಬಿಡಿ.

ದಾವೋಸ್‌ನಲ್ಲಿ ತೋಬಿಯಾಸ್ ಬ್ರಾಂಗರ್, ಯೋಹಾನೆಸ್ ಬ್ರಾಂಗರ್ ಅಂತ ಅಣ್ಣತಮ್ಮಂದಿರು. ತೋಬಿಯಾಸ್ ಕುದುರೆಗೆ ಜೀನು ಹೊಲಿಯುವ ಕಸುಬಿನವನು, ಆಟದ ಸಾಮಾನನ್ನೂ ಮಾರುತ್ತಿದ್ದ. ನಾರ್ವೆಯಿಂದ ಸ್ಕೀ ತರಿಸಿಕೊಂಡರು. ಕಲಿಸುವವರು ಯಾರೂ ಇಲ್ಲ. ಹಗಲಲ್ಲಿ ಹಾಕಿಕೊಂಡು ಹೊರಟರೆ ಊರವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದಕ್ಕೆ ಇವರು ಏನು ಮಾಡಿದರು ಅಂದರೆ, ಕತ್ತಲಾದ ಮೇಲೆ ಹೋಗಿ ಅಭ್ಯಾಸ ಮಾಡಿದರು. ದೊಡ್ಡವರಾದ ಮೇಲೆ ಸೈಕಲ್ ಕಲಿತವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ಈ ಸಂಕಟ ಗೊತ್ತಾಗುತ್ತದೆ. 1893ರ ಮಾರ್ಚ್‌ನಲ್ಲಿ ಮಾಯೆನ್‌ಫೆಲ್ಡರ್ ಫುರ್ಕಾ ಅನ್ನುವ ಕಣಿವೆದಾರಿ ಹತ್ತಿ, ಆಚೆ ಬದಿಯ ಆರೋಸಾ ಊರಿಗೆ ಸ್ಕೀ ಮೇಲೆ ಇಳಿದರು. ಸುಮಾರು 2440 ಮೀಟರ್ ಎತ್ತರದ ದಾರಿ ಅದು.

ಮರು ವರ್ಷ, 1894ರ ಮಾರ್ಚ್ 23ರಂದು, ಅದೇ ದಾರಿಯಲ್ಲಿ ಇನ್ನೊಬ್ಬನನ್ನು ಕರೆದುಕೊಂಡು ಹೋದರು. ಎತ್ತರದ, ದಪ್ಪ ಮೀಸೆಯ ಒಬ್ಬ ಬ್ರಿಟಿಷ್ ಡಾಕ್ಟರು. ಹೆಸರು ಆರ್ಥರ್ ಕಾನನ್ ಡಾಯ್ಲ್.

(ಇಲ್ಲಿ ಸಭೆಯಲ್ಲಿ ಒಂದು "ಓ!" ಎದ್ದಿತು. ನಾನು ಅದಕ್ಕೇ ಕಾಯುತ್ತಿದ್ದೆ.)

ಹೌದು, ಷೆರ್ಲಾಕ್ ಹೋಮ್ಸ್‌ನ ಅಪ್ಪ. ಆತನೂ ಅಲ್ಲಿದ್ದದ್ದು ಇದೇ ಕಾರಣಕ್ಕೆ. ಹೆಂಡತಿ ಲೂಯಿಸಾಗೆ ಕ್ಷಯ. ಇನ್ನು ಕೆಲವೇ ತಿಂಗಳು ಅಂದಿದ್ದರಂತೆ ಡಾಕ್ಟರುಗಳು. ಆಕೆ ಬದುಕಿದ್ದು 1906ರವರೆಗೆ, ಅದು ಬೇರೆ ಮಾತು. ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನದೇ ಜಲಪಾತದಲ್ಲಿ ಬೀಳಿಸಿ ಸಾಯಿಸಿದ ಕಥೆ ಅಚ್ಚಾದದ್ದು 1893ರ ಡಿಸೆಂಬರ್‌ನಲ್ಲಿ. ಅದಾಗಿ ಮೂರು ತಿಂಗಳಿಗೆ ಲೇಖಕರೇ ಬೆಟ್ಟದಿಂದ ಉರುಳುತ್ತಿದ್ದರು.

ಉರುಳುತ್ತಿದ್ದರು ಅಂತ ನಾನು ಚೇಷ್ಟೆಗೆ ಹೇಳುತ್ತಿಲ್ಲ, ಡಾಯ್ಲ್ ತಾವೇ ಒಂದು ಪತ್ರಿಕೆಗೆ ಬರೆದಿದ್ದಾರೆ. ಆಗಿನ ಸ್ಕೀ ಅಂದರೆ ಎಂಟು ಅಡಿ ಉದ್ದ, ನಾಲ್ಕು ಇಂಚು ಅಗಲದ ಎರಡು ಮರದ ಪಟ್ಟಿ, ಮುಂದಿನ ತುದಿ ಮೇಲಕ್ಕೆ ಬಾಗಿರುತ್ತದೆ, ನಡುವೆ ಕಾಲು ಕಟ್ಟಲು ಒಂದು ಚರ್ಮದ ಪಟ್ಟಿ. ಹಿಮ್ಮಡಿ ಬಿಡುಬೀಸು. ತಿರುಗುವುದು, ನಿಲ್ಲುವುದು ಎಲ್ಲ ದೇವರಿಗೆ ಬಿಟ್ಟದ್ದು. ಮೂವರೂ ಬೆಳಗಾಗುವ ಮುಂಚೆಯೇ ಹೊರಟಿದ್ದರು. ಹತ್ತಿದ್ದೇನೋ ಆಯಿತು. ಆರೋಸಾ ಕಡೆಯ ಇಳಿಜಾರು ಎಷ್ಟು ಕಡಿದಾಗಿತ್ತು ಅಂದರೆ, ಬ್ರಾಂಗರ್ ಸೋದರರು ಸ್ಕೀ ಬಿಚ್ಚಿ, ಎರಡನ್ನೂ ಜೋಡಿಸಿ ಕಟ್ಟಿ, ಅದರ ಮೇಲೆ ಜಾರುಬಂಡಿಯ ಹಾಗೆ ಕೂತು ಇಳಿದರು. ಡಾಯ್ಲ್ ಕೂತ ಹಲಗೆಗಳು ಮಾತ್ರ ಅವರನ್ನು ಅಲ್ಲೇ ಬಿಟ್ಟು ಮುಂದೆ ಹೋಗಿಬಿಟ್ಟವು. ಉಳಿದ ಇಳಿಜಾರು ಪ್ಯಾಂಟಿನ ಮೇಲೆಯೇ. ಈ ಬಟ್ಟೆ ಎಷ್ಟು ಉಜ್ಜಿದರೂ ಸವೆಯುವುದೇ ಇಲ್ಲ ಅಂತ ಟೈಲರ್ ಹೇಳಿದ್ದನಂತೆ. ಅದರ ಚೂರುಗಳು ಆ ಬೆಟ್ಟದ ಉದ್ದಕ್ಕೂ ಸಿಗುತ್ತವೆ, ಬೇಕಿದ್ದರೆ ಅವನೇ ಬಂದು ನೋಡಿಕೊಳ್ಳಲಿ, ಅವತ್ತಿಡೀ ನಾನು ಗೋಡೆಗೆ ಬೆನ್ನು ಮಾಡಿಕೊಂಡೇ ಓಡಾಡಿದೆ ಅಂತೆಲ್ಲ ಡಾಯ್ಲ್ ಬರೆದಿದ್ದಾರೆ. ಆರೋಸಾದ ಹೋಟೆಲ್ ರಿಜಿಸ್ಟರ್‌ನಲ್ಲಿ ಇವರ ಪರವಾಗಿ ತೋಬಿಯಾಸ್ ಬರೆದ. ಉದ್ಯೋಗ ಅನ್ನುವ ಕಡೆ ಲೇಖಕ ಅಂತಲೂ ಇಲ್ಲ, ಡಾಕ್ಟರ್ ಅಂತಲೂ ಇಲ್ಲ. ತಪ್ಪು ಕಾಗುಣಿತದಲ್ಲಿ "ಸ್ಪೋರ್ಟೆಸ್‌ಮನ್".

ಅದೇ ಬರಹದಲ್ಲಿ ಇನ್ನೊಂದು ಮಾತಿದೆ. ಮುಂದೊಂದು ಕಾಲಕ್ಕೆ ನೂರಾರು ಇಂಗ್ಲಿಷರು ಸ್ಕೀ ಆಡುವುದಕ್ಕೆಂದೇ ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿಗೆ ಬರುತ್ತಾರೆ ಅಂತ. ಆಗ ಓದಿದವರು ನಕ್ಕಿರಬಹುದು. ನೂರಾರು ಅನ್ನುವುದೊಂದೇ ತಪ್ಪಾಯಿತು, ಲಕ್ಷಗಟ್ಟಲೆ ಬಂದರು. ಮುಂದೆ ಡಾಯ್ಲ್ ಆ ಭಾಗಕ್ಕೆ ಸ್ಕೀ ತಂದವರಲ್ಲಿ ನಾನೇ ಮೊದಲಿಗ ಅನ್ನುವ ಹಾಗೂ ಬರೆದುಕೊಂಡರು. ಅದು ನಿಜವಲ್ಲ. ಕತ್ತಲಲ್ಲಿ ಬಿದ್ದು ಎದ್ದು ಕಲಿತ ಜೀನು ಹೊಲಿಯುವವನ ಹೆಸರು ಹೊರಗಿನವರಿಗೆ ಗೊತ್ತೇ ಇಲ್ಲ. ಪೆನ್ನು ಯಾರ ಕೈಯಲ್ಲಿತ್ತು ಅನ್ನುವುದರ ಮೇಲೆ ಹೋಗುತ್ತದೆ ಇದೆಲ್ಲ.

ಆಮೇಲಿನ ಮೂವತ್ತು ವರ್ಷ ಬೇಗ ಹೇಳಿಬಿಡ್ತೇನೆ. 1903ರಲ್ಲಿ ದಾವೋಸ್ ಸ್ಕೀ ಕ್ಲಬ್ ಬಂತು. ಊರಿನ ಉತ್ತರಕ್ಕಿರುವ ಪಾರ್ಸೆನ್ ಬೆಟ್ಟದ ಇಳಿಜಾರುಗಳು ಹೆಸರಾದವು. ವೈಸ್‌ಫ್ಲೂ ಶಿಖರ 2844 ಮೀಟರ್. ಅಲ್ಲಿಂದ ಕ್ಯೂಬ್ಲಿಸ್ ಅನ್ನುವ ಹಳ್ಳಿಯವರೆಗೆ ಜಾರಿದರೆ ಎರಡು ಸಾವಿರ ಮೀಟರಿಗೂ ಜಾಸ್ತಿ ಇಳಿದ ಹಾಗಾಯಿತು. ಮುಳ್ಳಯ್ಯನಗಿರಿಯ ತುದಿಯಿಂದ ಜಾರಿ ನೇರ ಸಮುದ್ರಕ್ಕೆ ಬಿದ್ದರೂ ಇಷ್ಟು ಇಳಿತ ಸಿಗುವುದಿಲ್ಲ, ಅದು 1930 ಮೀಟರ್. ಕೆಳಗೆ ತಲುಪಿ, ಹಳ್ಳಿಯಲ್ಲಿ ಏನಾದರೂ ಕುಡಿದು, ರೈಲು ಹತ್ತಿ ವಾಪಸು ದಾವೋಸ್‌ಗೆ. ರೋಗಿಗಳಿಗೆ ಅಂತ ಹಾಕಿದ್ದ ರೈಲು ಇಲ್ಲಿ ಕೆಲಸಕ್ಕೆ ಬಂತು ನೋಡಿ. 1924ರಿಂದ ಇಲ್ಲಿ ಪಾರ್ಸೆನ್ ಡರ್ಬಿ ಅಂತ ರೇಸ್ ಶುರುವಾಯಿತು, ಶುರು ಮಾಡಿದವನು ಮತ್ತೆ ಒಬ್ಬ ಇಂಗ್ಲಿಷ್‌ನವನು.

ಒಂದು ವಿಷಯ ಮಾತ್ರ ಗಮನಿಸಿ. ಇಷ್ಟು ದಿನ ಇಳಿಯಬೇಕಾದರೆ ಹತ್ತಲೇಬೇಕಿತ್ತು. ಸ್ಕೀಯ ಅಡಿಗೆ ಸೀಲ್ ಪ್ರಾಣಿಯ ಚರ್ಮ ಕಟ್ಟಿಕೊಳ್ಳುತ್ತಿದ್ದರು. ಅದರ ಕೂದಲು ಮುಂದಕ್ಕೆ ಜಾರಲು ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಅರ್ಧ ದಿನ ಹತ್ತುವುದು, ಒಂದು ಸಲ ಇಳಿಯುವುದು. ಊಟದ ಕೊನೆಗೆ ಒಂದು ಸೌಟು ಪಾಯಸ ಬಡಿಸಿದ ಹಾಗೆ. ನಾವು ಚಾರಣದವರಿಗೆ ಇದು ಸರಿಯೇ ಅನಿಸುತ್ತದೆ, ಹತ್ತುವುದೇ ನಮ್ಮ ಊಟ. ಆದರೆ ಹೀಗೆ ದಿನಕ್ಕೆ ಒಂದೇ ಸಲ ಇಳಿದರೆ ಯಾರಿಗೂ ಸರಿಯಾಗಿ ಜಾರಲು ಬರುವುದಿಲ್ಲ, ಅಭ್ಯಾಸ ಆಗುವುದಾದರೂ ಹೇಗೆ? 1932ರ ಹೊತ್ತಿಗೆ ಪಾರ್ಸೆನ್‌ಗೆ ಹಳಿ ಮೇಲೆ ಹಗ್ಗ ಎಳೆಯುವ ರೈಲು 2662 ಮೀಟರ್‌ವರೆಗೆ ಹೋಯಿತು. ಈಗ ಬರೀ ಪಾಯಸವೇ ಊಟ.

ಅದಾದ ಮೇಲೆ ಬಂದದ್ದು ನನ್ನ ಪ್ರಕಾರ ಇಡೀ ಕಥೆಯ ಅತಿ ಮುಖ್ಯ ಯಂತ್ರ. ನೋಡಲು ಏನೂ ಇಲ್ಲ, ಒಂದು ಮರದ ಕೋಲು. ಎರ್ನ್ಸ್ಟ್ ಕಾನ್‌ಸ್ಟಾಮ್ ಅನ್ನುವ ಜ್ಯೂರಿಕ್‌ನ ಇಂಜಿನಿಯರ್ 1934ರ ಡಿಸೆಂಬರ್ 24ರಂದು ದಾವೋಸ್‌ನ ಬೋಲ್ಗೆನ್ ಅನ್ನುವ ಸಣ್ಣ ದಿಣ್ಣೆಯಲ್ಲಿ ಅದನ್ನು ಓಡಿಸಿದ. ಜಗತ್ತಿನ ಮೊದಲ ಸ್ಕೀಲಿಫ್ಟ್ ಅಂತ ಹೇಳುತ್ತಾರೆ. ಪೂರ್ತಿ ಸರಿಯಲ್ಲ, ಜರ್ಮನಿಯ ಕಪ್ಪು ಕಾಡಿನ ಒಂದು ಹಳ್ಳಿಯಲ್ಲಿ 1908ರಲ್ಲೇ ನೀರಿನ ಗಿರಣಿಯ ಶಕ್ತಿಯಿಂದ ಜನರನ್ನು ಗುಡ್ಡ ಹತ್ತಿಸಿದ್ದರು. ಆದರೆ ಎಲ್ಲ ಕಡೆ ಹರಡಿದ್ದು ಕಾನ್‌ಸ್ಟಾಮ್‌ನದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಾನು ಅದರಿಂದ ಬಿದ್ದಿದ್ದೇನೆ. ತಲೆಯ ಮೇಲೆ ಒಂದು ಉಕ್ಕಿನ ಹಗ್ಗ, ನಿಲ್ಲದೆ ಸುತ್ತುತ್ತಿರುತ್ತದೆ, ಬಾವಿಯ ರಾಟೆಯ ಹಗ್ಗವನ್ನು ಉದ್ದಕ್ಕೆ ಎಳೆದು ಬೆಟ್ಟದ ಮೇಲೆ ಹಾಕಿದ ಹಾಗೆ. ಅದಕ್ಕೆ ಅಷ್ಟಷ್ಟು ದೂರಕ್ಕೆ ಒಂದೊಂದು ಡಬ್ಬ. ಡಬ್ಬದೊಳಗೆ ಸ್ಪ್ರಿಂಗ್, ಅದಕ್ಕೆ ಸುತ್ತಿದ ಇನ್ನೊಂದು ಹಗ್ಗ, ಅದರ ತುದಿಗೆ ಕೋಲು. ಮೊದಲು ಒಬ್ಬೊಬ್ಬರಿಗೆ ಕೊಕ್ಕೆಯ ಹಾಗಿತ್ತು. ಆಮೇಲೆ ತಲೆಕೆಳಗಾದ ಟಿ ಆಕಾರ ಬಂತು, ಇಬ್ಬರು ಅಕ್ಕಪಕ್ಕ ನಿಲ್ಲಬಹುದು. ಕೋಲು ಬಂದು ತೊಡೆಯ ಹಿಂಬದಿಗೆ ತಾಗುತ್ತದೆ. ಮೇಲಿನ ಹಗ್ಗ ಹೋಗುತ್ತಲೇ ಇರುತ್ತದೆ, ಆದರೆ ನೀವು ತಕ್ಷಣ ಹೊರಡುವುದಿಲ್ಲ. ಡಬ್ಬದೊಳಗಿನ ಹಗ್ಗ ಬಿಚ್ಚಿಕೊಳ್ಳುತ್ತಾ, ಸ್ಪ್ರಿಂಗ್ ಬಿಗಿಯಾಗುತ್ತಾ, ನಿಮ್ಮನ್ನು ನಿಧಾನಕ್ಕೆ ಎಳೆಯಲು ಶುರು ಮಾಡುತ್ತದೆ. ದಿಢೀರ್ ಅಂತ ಜಗ್ಗುವುದಿಲ್ಲ. ಆ ಸ್ಪ್ರಿಂಗೇ ಆತನ ಬುದ್ಧಿವಂತಿಕೆ. ಸ್ಪ್ರಿಂಗ್ ಇಲ್ಲದಿದ್ದರೆ ಮುಗ್ಗರಿಸಿ ಬೀಳುವುದೇ.

ಒಂದೇ ಒಂದು ನಿಯಮ: ಅದರ ಮೇಲೆ ಕೂರಬಾರದು. ಅದು ಕುರ್ಚಿ ಅಲ್ಲ, ಹಿಂದಿನಿಂದ ತಳ್ಳುವ ಕೈ. ಇದನ್ನು ಕಲಿಸುವಾಗ ನನಗೆ ಮೂರು ಸಲ ಹೇಳಿದ್ದರು. ನನಗಾಗ 36 ವರ್ಷ, ಪಕ್ಕದಲ್ಲಿ ಎಂಟು ವರ್ಷದ ಒಬ್ಬ ಹುಡುಗ. ಕೋಲು ತೊಡೆಗೆ ತಾಗಿದ ಕೂಡಲೇ, ಬಸ್ಸಲ್ಲಿ ಸೀಟು ಸಿಕ್ಕವನ ಹಾಗೆ ಕೂತೇಬಿಟ್ಟೆ. ಡಬ್ಬದ ಹಗ್ಗ ಪೂರ್ತಿ ಬಿಚ್ಚಿಕೊಂಡಿತು, ನಾನು ನೆಲಕ್ಕೆ, ನನ್ನ ಕಡೆಯ ಕೋಲು ಕೆಳಕ್ಕೆ, ಆ ಹುಡುಗನ ಕಡೆಯದು ಮೇಲಕ್ಕೆ. ಅವನು ಬೀಳಲಿಲ್ಲ. ತಿರುಗಿ ನೋಡಿ, ಅಲ್ಲಿನ ಭಾಷೆಯಲ್ಲಿ ಏನೋ ಹೇಳಿ ಮೇಲೆ ಹೋದ. ಅದರ ಅರ್ಥ ನಾನು ಇವತ್ತಿಗೂ ಯಾರನ್ನೂ ಕೇಳಿಲ್ಲ.

ಈ ಕೋಲಿನಿಂದ ಊರು ಬದಲಾಯಿತು. ದೊಡ್ಡ ರೈಲು ಹಾಕಲು ದೊಡ್ಡ ದುಡ್ಡು ಬೇಕು. ಕೋಲಿನ ಲಿಫ್ಟ್ ಹಾಕಲು ಒಂದು ದಿಣ್ಣೆ, ನಾಲ್ಕು ಕಂಬ, ಒಂದು ಮೋಟಾರು ಸಾಕು. ಮಕ್ಕಳು ದಿನಕ್ಕೆ ಮೂವತ್ತು ಸಲ ಜಾರಬಹುದು. ದುಡ್ಡಿದ್ದವರ ಆಟ ಊರವರ ಆಟವೂ ಆಯಿತು.

ಅಷ್ಟರಲ್ಲಿ 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು. ಕ್ಷಯಕ್ಕೆ ನಿಜವಾದ ಔಷಧಿ. ಜಗತ್ತಿಗೆಲ್ಲ ಒಳ್ಳೆ ಸುದ್ದಿ, ದಾವೋಸ್‌ಗೆ ವ್ಯಾಪಾರ ಮುಳುಗುವ ಸುದ್ದಿ. ಹತ್ತು ಹದಿನೈದು ವರ್ಷದೊಳಗೆ ಸ್ಯಾನಟೋರಿಯಂಗಳು ಖಾಲಿಯಾಗತೊಡಗಿದವು. ಬೇರೆ ಊರಾಗಿದ್ದರೆ ಹಾಳು ಬೀಳುತ್ತಿತ್ತು. ಇಲ್ಲಿ ಹಾಸಿಗೆ ಸಿದ್ಧ, ಅಡುಗೆಮನೆ ಸಿದ್ಧ, ರೈಲು ಸಿದ್ಧ, ಬೆಟ್ಟಕ್ಕೆ ಲಿಫ್ಟ್ ಸಿದ್ಧ. ಬೋರ್ಡು ಬದಲಾಯಿಸಿದರು. ಊರಿಗಿಂತ 300 ಮೀಟರ್ ಮೇಲೆ 1900ರಲ್ಲಿ ಕಟ್ಟಿದ ಶಾಟ್ಸ್‌ಆಲ್ಪ್ ಸ್ಯಾನಟೋರಿಯಂ ಈಗ ಹೋಟೆಲ್. ರೋಗಿಗಳು ಮಲಗುತ್ತಿದ್ದ ಬಾಲ್ಕನಿಗಳಲ್ಲಿ ಈಗ ಜನ ಕಪ್ಪು ಕನ್ನಡಕ ಹಾಕಿಕೊಂಡು ಬಿಸಿಲು ಕಾಯಿಸುತ್ತಾರೆ.

ಈಗ ಭಯದ ವಿಷಯಕ್ಕೆ ಬರೋಣ. ನಮ್ಮ ಪೇಪರುಗಳು ಹಿಮ ಬೀಳುವುದಕ್ಕೂ ಹಿಮಪಾತ ಅನ್ನುತ್ತವೆ, ಬೆಟ್ಟದಿಂದ ಹಿಮದ ರಾಶಿ ಕುಸಿಯುವುದಕ್ಕೂ ಹಿಮಪಾತ ಅನ್ನುತ್ತವೆ. ನಾನು ಎರಡನೆಯದಕ್ಕೆ ಹಿಮಕುಸಿತ ಅನ್ನುತ್ತೇನೆ. ಜನ ಸಾವಿರಗಟ್ಟಲೆ ಬೆಟ್ಟ ಹತ್ತಿದರೆ ಕುಸಿತಕ್ಕೆ ಸಿಕ್ಕುವವರೂ ಹೆಚ್ಚುತ್ತಾರೆ. 1936ರ ಚಳಿಗಾಲದಲ್ಲಿ ಪಾರ್ಸೆನ್ ರೈಲಿನ ಮೇಲಿನ ನಿಲ್ದಾಣದ ಹತ್ತಿರ ಕೆಲವು ಸಂಶೋಧಕರು ಒಂದು ಗುಡಿಸಲಿನಲ್ಲಿ ಕೂತು ಹಿಮವನ್ನು ಅಳೆಯಲು ಶುರು ಮಾಡಿದರು. ಅದೇ ಮುಂದೆ ಹಿಮಕುಸಿತ ಸಂಶೋಧನಾ ಸಂಸ್ಥೆ ಆಯಿತು. 1945ರಿಂದ ಅಲ್ಲಿನ ಜನರಿಗೆ ಹಿಮಕುಸಿತದ ವರದಿ ಸಿಗುತ್ತಿದೆ, ನಮಗೆ ರೇಡಿಯೋದಲ್ಲಿ ಮೀನುಗಾರರಿಗೆ ಎಚ್ಚರಿಕೆ ಬರುತ್ತಿತ್ತಲ್ಲ, ಹಾಗೆ. ಆದರೂ 1950–51ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 98 ಜನ ಸತ್ತರು. 1968ರ ಜನವರಿಯಲ್ಲಿ ದಾವೋಸ್‌ನಲ್ಲೇ 13 ಜನ. ಸಂಸ್ಥೆಯ ಊರಿನಲ್ಲೇ.

ನಾನು ಒಂದು ತರಬೇತಿಗೆ ಸೇರಿ ಹಿಮದಲ್ಲಿ ಗುಂಡಿ ತೋಡಿದ್ದೇನೆ. ಎದೆಯವರೆಗೆ ಆಳ. ಗುಂಡಿಯ ಗೋಡೆ ನೋಡಿದರೆ ಬಿಳಿ ಬಿಳಿ ಒಂದೇ ಥರ ಕಾಣುತ್ತದೆ. ಬೆರಳು ಹಾಕಿ ಮೇಲಿನಿಂದ ಕೆಳಗೆ ಎಳೆದರೆ ಗೊತ್ತಾಗುತ್ತದೆ: ಒಂದು ಪದರ ಮೆತ್ತಗೆ, ಮುಂದಿನದು ಗಟ್ಟಿ, ಅದರ ಕೆಳಗೆ ಬೆರಳು ಸಲೀಸಾಗಿ ಒಳಗೆ ಹೋಗುವ ಒಂದು ಪದರ. ಅದನ್ನು ಅಂಗೈಗೆ ಹಾಕಿಕೊಂಡೆ. ಬನ್ಸಿ ರವೆ! ಒಂದಕ್ಕೊಂದು ಅಂಟುವುದೇ ಇಲ್ಲ, ಉಂಡೆ ಕಟ್ಟಲು ನೋಡಿದರೆ ಬೆರಳ ಸಂದಿಯಿಂದ ಉದುರುತ್ತದೆ. ಈ ರವೆಯ ಮೇಲೆ ಗಟ್ಟಿ ಹಿಮದ ಹಲಗೆ ಕೂತಿರುತ್ತದೆ. ಇಳಿಜಾರು 30 ಡಿಗ್ರಿಗಿಂತ ಜಾಸ್ತಿ ಇದ್ದು, ಮೇಲೆ ಒಬ್ಬ ಸ್ಕೀ ಹಾಕಿಕೊಂಡು ಬಂದ ಅಂದರೆ ಅವನ ಭಾರಕ್ಕೆ ರವೆ ಕುಸಿಯುತ್ತದೆ, ಹಲಗೆ ಅವನ ಸಮೇತ ಹೊರಡುತ್ತದೆ. ಪರೀಕ್ಷೆ ಹೇಗೆ ಅಂದರೆ, ಗೋಡೆಯಲ್ಲಿ ಒಂದಡಿ ಅಗಲದ ಕಂಬ ಕೊರೆದು, ಅದರ ತಲೆ ಮೇಲೆ ಸಲಿಕೆ ಇಟ್ಟು, ಮಣಿಕಟ್ಟಿನಿಂದ ಹತ್ತು ಸಲ ತಟ್ಟಬೇಕು, ಆಮೇಲೆ ಮೊಣಕೈಯಿಂದ ಹತ್ತು, ಆಮೇಲೆ ಭುಜದಿಂದ ಹತ್ತು. ನಮ್ಮದು ಹದಿಮೂರನೇ ಏಟಿಗೆ ಆ ರವೆಯ ಗೆರೆಯಲ್ಲೇ, ಚಾಕುವಿನಿಂದ ಕತ್ತರಿಸಿದ ಹಾಗೆ, ಜಾರಿ ಮುಂದೆ ಬಂತು. ಕಲಿಸುತ್ತಿದ್ದವರು ಏನೂ ಹೇಳಲಿಲ್ಲ. ನಕ್ಷೆ ಮಡಚಿ ಬೇರೆ ದಾರಿ ತೋರಿಸಿದರು.

ಅಪಾಯಕ್ಕೆ ಅಲ್ಲಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಜನ ಜಾಸ್ತಿ ಸಾಯುವುದು 5ರ ದಿನ ಅಲ್ಲ, 3ರ ದಿನ. 5 ಅಂದರೆ ಯಾರೂ ಮನೆ ಬಿಡುವುದಿಲ್ಲ. 3 ಅಂದರೆ "ಪರವಾಗಿಲ್ಲ, ನೋಡಿಕೊಂಡು ಹೋಗೋಣ" ಅನ್ನುತ್ತಾರೆ. ಮಳೆಗಾಲದಲ್ಲಿ ಜಲಪಾತದ ಬಂಡೆ ಮೇಲೆ ನಿಂತು ಫೋಟೋ ತೆಗೆಯುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೊನೆಯದಾಗಿ ಒಂದು ವಿಷಯ. ಒಂದು ಕಾಲಕ್ಕೆ ಬೇಡ ಅಂದರೂ ಬೀಳುತ್ತಿದ್ದ ಹಿಮವನ್ನು ಈಗ ದಾವೋಸ್ ಎತ್ತಿಡುತ್ತಿದೆ. ಚಳಿ ತಡವಾಗಿ ಬರುತ್ತದೆ, ಕೆಳಗಿನ ಊರುಗಳಲ್ಲಿ ಹಿಮದ ದಿನಗಳು ಕಡಿಮೆಯಾಗಿವೆ, ನವೆಂಬರ್‌ನಲ್ಲಿ ಬೆಟ್ಟ ಎಷ್ಟೋ ಸಲ ಕಂದು ಬಣ್ಣದಲ್ಲೇ ಇರುತ್ತದೆ. ಊರ ಪಕ್ಕದ ಫ್ಲುಯೆಲಾ ಕಣಿವೆಯಲ್ಲಿ ಚಳಿಗಾಲದಲ್ಲೇ ಯಂತ್ರದಿಂದ ಹಿಮ ಮಾಡಿ ದೊಡ್ಡ ಗುಡ್ಡೆ ಹಾಕುತ್ತಾರೆ. ಅದರ ಮೇಲೆ ಸುಮಾರು 40 ಸೆಂಟಿಮೀಟರ್ ದಪ್ಪಕ್ಕೆ ಮರದ ಹೊಟ್ಟು ಮುಚ್ಚುತ್ತಾರೆ. ಇಡೀ ಬೇಸಿಗೆ ಹಾಗೇ ಬಿಡುತ್ತಾರೆ. ಶರತ್ಕಾಲಕ್ಕೆ ಹೊಟ್ಟು ಸರಿಸಿ ನೋಡಿದರೆ ಮುಕ್ಕಾಲು ಪಾಲು ಹಿಮ ಒಳಗೇ ಇರುತ್ತದೆ. ಅದನ್ನು ಲಾರಿಯಲ್ಲಿ ತುಂಬಿ, ಹುಲ್ಲಿನ ಮೇಲೆ ಪಟ್ಟಿಯ ಹಾಗೆ ಹಾಸಿ, ಅಕ್ಟೋಬರ್ ಕೊನೆಗೇ ಕ್ರಾಸ್‌ಕಂಟ್ರಿ ಸ್ಕೀ ದಾರಿ ತೆರೆಯುತ್ತಾರೆ. ನಾನು ಅದನ್ನು ಆಗಸ್ಟ್‌ನಲ್ಲಿ ನೋಡಿದೆ. ದನ ಮೇಯುತ್ತಿದ್ದವು, ಪಕ್ಕದಲ್ಲಿ ಸಾಮಿಲ್ಲಿನ ಹಿಂದೆ ಇರುವಂಥ ಒಂದು ರಾಶಿ. ಕಾಲಲ್ಲಿ ಸ್ವಲ್ಪ ಕೆದಕಿದೆ. ಮೇಲೆ ಬಿಸಿ, ಕೆಳಗೆ ಒದ್ದೆ, ಇನ್ನೂ ಕೆಳಗೆ ಕೈ ಹಾಕಿದರೆ ಜುಮ್ ಅನ್ನುವ ತಣ್ಣಗೆ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೆಗಳು ಬಂದವು. ಒಬ್ಬ ಹುಡುಗಿ ಕಲಿಯಲು ಎಷ್ಟು ಖರ್ಚಾಗುತ್ತದೆ ಅಂತ ಕೇಳಿದಳು. ಜಾಸ್ತಿ ಆಗುತ್ತದೆ, ಅದಕ್ಕಿಂತ ಗುಲ್ಮಾರ್ಗಿಗೋ ಔಲಿಗೋ ಹೋಗಿ ಕಲಿ ಅಂದೆ. ಆಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ, ಎಪ್ಪತ್ತೈದು ದಾಟಿರಬಹುದಾದ ಒಬ್ಬ ಹಿರಿಯರು ಮೈಕು ಬೇಡ ಅಂತ ಕೈ ಆಡಿಸಿ ಎದ್ದು ನಿಂತರು.

"ಅಲ್ಲಪ್ಪಾ, ಈ ಮರದ ಹೊಟ್ಟಿನ ವಿದ್ಯೆಗೆ ಅವರಿಗೆ ಸಂಶೋಧನೆ ಬೇಕಾಯ್ತಾ? ನಮ್ಮ ಮದುವೆಗೆ ಐಸ್ ಗಡ್ಡೆ ತಂದಿದ್ದು ಹಾಗೇ. ಕೆಳಗೆ ಹೊಟ್ಟು, ಮೇಲೆ ಹೊಟ್ಟು, ಅದರ ಮೇಲೆ ಗೋಣಿಚೀಲ. ಮಾರ್ಕೆಟ್‌ನಿಂದ ಜಟಕಾದಲ್ಲಿ ಬಂತು. ಸಾಯಂಕಾಲದ ಪಾನಕದವರೆಗೂ ಇತ್ತು."

"ಎಷ್ಟು ಕರಗಿತ್ತು ಸಾರ್?" ಅಂದೆ.

"ಕಾಲು ಭಾಗ," ಅಂದರು, ಒಂದು ಕ್ಷಣವೂ ಯೋಚಿಸದೆ.